ಖಾಲಿ ಸಿರಿಂಜಿಗೂ ‘ಪಾಸ್’ ಅನ್ನುತ್ತಿದ್ದ ಕಿವಿ ತಪಾಸಣೆ ಸಾಧನ ಸರಿಹೋದದ್ದು ಹೀಗೆ

ಇಯರ್‌ಬಡ್ ಸ್ಪೀಕರ್ ಮತ್ತು ಸಣ್ಣ ಮೈಕ್ ಸೇರಿಸಿ ಮಾಡಿದ ಅಗ್ಗದ ಒಎಇ (ಒಳಗಿವಿ ಹೊರಡಿಸುವ ಸ್ವರವನ್ನು ಅಳೆಯುವ ಕಿವಿ ತಪಾಸಣೆ) ಸಾಧನ ಇದು. ಎರಡು ಸ್ವರ ಕೊಟ್ಟರೆ ಆರೋಗ್ಯವಾದ ಒಳಗಿವಿ ಮೂರನೆಯದೊಂದನ್ನು ಹಿಂದಕ್ಕೆ ಕಳಿಸುತ್ತದೆ, ಮೈಕ್ ಅದನ್ನು ಹಿಡಿಯಬೇಕು. ಆದರೆ ಪ್ರೋಬನ್ನು (ಕಿವಿಗೆ ಇಡುವ ತುದಿಯನ್ನು) 2 ಮಿ.ಲೀ. ಖಾಲಿ ಸಿರಿಂಜಿಗೆ ಸಿಕ್ಕಿಸಿದರೂ 2560 ಹರ್ಟ್ಸ್‌ನಲ್ಲಿ ಆ ಸ್ವರ ಬರುತ್ತಿತ್ತು. ಅಂದರೆ ಕಿವಿ ಕೇಳದ ಮಗುವೂ ಪಾಸ್ ಆಗಿಬಿಡುತ್ತದೆ ಅಲ್ವಾ? ತಪಾಸಣೆಯಲ್ಲಿ ಇದಕ್ಕಿಂತ ದೊಡ್ಡ ದೋಷ ಇಲ್ಲ.

ಮೈಕ್ ಬದಲಿಸಿದೆ, ಹೋಗಲಿಲ್ಲ. ಇನ್ನೂ ಹೆಚ್ಚು ಸಲ ಅಳೆದು ಸರಾಸರಿ ತೆಗೆದರೆ ಸುಳ್ಳು ಸ್ವರ ಇನ್ನೂ ಸ್ಪಷ್ಟವಾಯಿತು. ವಾಲ್ಯೂಮ್ ಇಳಿಸಿದರೆ ನಿಜವಾದ ಕಿವಿಯ ಸ್ವರವೂ ಗದ್ದಲದಲ್ಲಿ ಮುಳುಗಿತು.

ಮೂಲ ಇದ್ದದ್ದು ಸ್ಪೀಕರ್‌ನಲ್ಲಿ. ಎರಡೂ ಸ್ವರವನ್ನು ಒಂದೇ ಸ್ಪೀಕರ್ ನುಡಿಸಿದರೆ ಮೂರನೆಯದು ಅದರಲ್ಲೇ ಹುಟ್ಟುತ್ತದೆ. ಪ್ರೋಬಿಗೆ ಎರಡು ಸ್ಪೀಕರ್ ಹಾಕಿ, ಎಡ ಚಾನೆಲ್‌ಗೆ 3280, ಬಲಕ್ಕೆ 4000 ಹರ್ಟ್ಸ್ ಮಾತ್ರ ಕೊಟ್ಟೆ. ಮೊದಲು ಫೋನಿನ ಮೋನೋ ಆಡಿಯೋ ಮತ್ತು ಈಕ್ವಲೈಜರ್ ಆಫ್ ಮಾಡಿ; ಮೋನೋ ಇದ್ದರೆ ಎರಡೂ ಮತ್ತೆ ಬೆರೆಯುತ್ತವೆ. ಆಮೇಲೆ ಸಿರಿಂಜಿನಲ್ಲಿ ಒಂದೊಂದೇ ಸ್ವರ ನುಡಿಸಿ, ಮೊದಲನೆಯದನ್ನು 65, ಎರಡನೆಯದನ್ನು 55 ಡೆಸಿಬೆಲ್‌ಗೆ ಹೊಂದಿಸಿ. ಸ್ಯಾಂಪಲ್ ದರ ಸೆಕೆಂಡಿಗೆ 48000, ವಿಂಡೋ (ಒಮ್ಮೆಗೆ ವಿಶ್ಲೇಷಿಸುವ ತುಣುಕು) 4800 ಸ್ಯಾಂಪಲ್ ಇರಲಿ. ಆಗ ಮೂರೂ ಸ್ವರ 10 ಹರ್ಟ್ಸ್‌ನ ಬಿನ್‌ಗಳಲ್ಲಿ (ಆವರ್ತನದ ಖಾನೆಗಳಲ್ಲಿ) ಸರಿಯಾಗಿ ಕೂರುತ್ತವೆ. ಎರಡನ್ನೂ ಒಟ್ಟಿಗೆ ನುಡಿಸಿದಾಗ ಸಿರಿಂಜಿನಲ್ಲಿ 2560ರ ಬಿನ್ ಅಕ್ಕಪಕ್ಕದ ಗದ್ದಲಕ್ಕಿಂತ ಮೇಲೇಳಬಾರದು. ಇದಾದ ಮೇಲೆಯೇ ಕಿವಿಗೆ ಇಡಿ. ಅಲ್ಲಿ 2560ರ ಸ್ವರ ಗದ್ದಲಕ್ಕಿಂತ ಕನಿಷ್ಠ 6 ಡೆಸಿಬೆಲ್ ಮೇಲಿದ್ದರೆ ಮಾತ್ರ ಪಾಸ್.