ಎರಡನೇ ಭಾಗ ಮೊದಲು: ಸರಣಿ ಆರಿಸುವ ನನ್ನ ಅನುಭವ

ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಮುಂದಿನ ಸೈನ್ಸ್ ಫಿಕ್ಷನ್ ಸರಣಿ ಯಾವುದು ಅಂತ ನಾನೀಗ ಎರಡನೇ ಭಾಗ ಇಟ್ಟುಕೊಂಡು ತೀರ್ಮಾನ ಮಾಡುತ್ತೇನೆ. ಮೊದಲ ಭಾಗ ಕೊಳ್ಳುವುದು ಆಮೇಲೆ. ನಮ್ಮ ಬಾಡಿಗೆ ಲೈಬ್ರರಿಯವರ ಬಳಗದಲ್ಲಿ ಇದನ್ನು ಮೊದಲು ಹೇಳಿದಾಗ ನಗದವರೇ ಇರಲಿಲ್ಲ. "ಮೊದಲನೇದು ಓದದೆ ಎರಡನೇದು ಏನ್ ಅರ್ಥ ಆಗುತ್ತೆ ಸ್ವಾಮಿ? ದುಡ್ಡು ಹೆಚ್ಚಾಗಿದ್ಯಾ ನಿಮಗೆ?" ಅಂದಿದ್ದರು ಹಾಸನ ಕಡೆಯ ಹಿರಿಯರೊಬ್ಬರು. ಈಗ ಅವರೇ ಫೋನ್ ಮಾಡಿ ಯಾವುದರ ಎರಡನೇ ಭಾಗ ಎಕ್ಸ್‌ಟ್ರಾ ಇದೆ ಅಂತ ವಿಚಾರಿಸುತ್ತಾರೆ. ಫೋನಿನಲ್ಲಿ ಒಬ್ಬೊಬ್ಬರಿಗೇ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಶಿವಮೊಗ್ಗದಲ್ಲಿ ಮನೆಯ ಮುಂದಿನ ರೂಮಿನಲ್ಲಿ ನನ್ನ ಲೈಬ್ರರಿ. ಅಪ್ಪನ ಕಾಲದಲ್ಲಿ ಅದು ಕನ್ನಡ ಕಾದಂಬರಿಗಳ ಸರ್ಕ್ಯುಲೇಟಿಂಗ್ ಲೈಬ್ರರಿ. ಟಿವಿ ಧಾರಾವಾಹಿಗಳು ಬಂದ ಮೇಲೆ ಗಿರಾಕಿಗಳು ಕರಗಿಹೋದರು. ನಾನು ಮಕ್ಕಳ ಕಡೆ ತಿರುಗಿದೆ. ಈಗ ನಲವತ್ತರ ಆಸುಪಾಸು ಮೆಂಬರುಗಳು, ತಿಂಗಳಿಗೆ 150 ರೂಪಾಯಿ, ಡಿಪಾಸಿಟ್ 500. ಇದರಲ್ಲಿ ಶ್ರೀಮಂತರಾದವರನ್ನು ನಾನಂತೂ ಕಂಡಿಲ್ಲ. ಹಾಗಾಗಿ ಒಂದು ಸರಣಿ ಮಲಗಿತು ಅಂದರೆ ನನಗೆ ಆ ತಿಂಗಳ ಲೆಕ್ಕವೇ ಮಲಗಿದ ಹಾಗೆ.

ಸರಣಿ ಮಲಗುವುದು ಹೇಗೆ ಅಂತ ನಿಮಗೆಲ್ಲ ಗೊತ್ತು. ಸಿನಿಮಾ ಬರುತ್ತದೆ, ಐದಾರು ಮಕ್ಕಳು ಒಂದೇ ವಾರ ಕೇಳುತ್ತಾರೆ, ನಾವು ಬಾಕ್ಸ್ ಸೆಟ್ ತರಿಸುತ್ತೇವೆ. ಮೊದಲ ಭಾಗ ಕೈಯಿಂದ ಕೈಗೆ ಹೋಗಿ ಬೈಂಡಿಂಗ್ ಕಿತ್ತುಬರುತ್ತದೆ. ಎರಡನೆಯದು ಮೂರ್ನಾಲ್ಕು ಸಲ ಹೊರಗೆ ಹೋಗುತ್ತದೆ. ಮೂರನೆಯದರ ಡ್ಯೂ ಸ್ಲಿಪ್ಪಿನ ಮೇಲೆ ಒಂದು ಸೀಲೂ ಬೀಳುವುದಿಲ್ಲ. ಎರಡು ವರ್ಷದಲ್ಲಿ ನನ್ನ ಕೈಯಿಂದ ಹೀಗೆ ಹೋದದ್ದು ಒಂಬತ್ತು ಹತ್ತು ಸಾವಿರ. 'ಡೈವರ್ಜೆಂಟ್' ಸೆಟ್ಟಿಗೇ ಸಾವಿರದ ಮೇಲೆ ಕೊಟ್ಟ ನೆನಪು. ಅದರ ಮೂರನೇ ಭಾಗದಲ್ಲಿ ನಿರೂಪಣೆ ಒಬ್ಬಳಿಂದ ಇಬ್ಬರಿಗೆ ಹಂಚಿಹೋಗುತ್ತದೆ. ಅಲ್ಲಿಗೆ ಮುಟ್ಟಿದ ಕೆಲವೇ ಮಕ್ಕಳಲ್ಲೂ ಇಬ್ಬರು ಅರ್ಧಕ್ಕೆ ತಂದಿಟ್ಟು ಹೋದರು. ಸಿನಿಮಾದವರೂ ಆ ಕೊನೇ ಪುಸ್ತಕವನ್ನು ಎರಡಾಗಿ ಸೀಳಿ, 2016ರಲ್ಲಿ ಒಂದು ತುಂಡು ತೋರಿಸಿ, ಇನ್ನೊಂದು ತೆಗೆಯಲೇ ಇಲ್ಲ. ಮಾರೋಣ ಅಂತ ಹೋದರೆ ಸೆಕೆಂಡ್ ಹ್ಯಾಂಡ್ ಅಂಗಡಿಯವನು ಒಂದೊಂದಕ್ಕೆ 40 ರೂಪಾಯಿ ಅಂದ. ಅವನ ಹಿಂದೆ ಅದೇ ಪುಸ್ತಕದ ಒಂದು ರಾಶಿಯೇ ಇತ್ತು.

ಆ ರಾಶಿಯಲ್ಲಿ ಇದ್ದದ್ದೆಲ್ಲ ಮೊದಲ ಭಾಗಗಳು.

ಎರಡನೇ ಭಾಗದ ಯೋಚನೆ ಹುಟ್ಟಿದ್ದು ಮಾತ್ರ 'ಆನಿಮಾರ್ಫ್ಸ್'ನಿಂದ. 1996ರಿಂದ 2001ರವರೆಗೆ ಬಂದ ಹಳೇ ಸರಣಿ, ಮೂಲ ಪುಸ್ತಕಗಳೇ 54. ಕೆ.ಜಿ. ಲೆಕ್ಕದಲ್ಲಿ ಪುಸ್ತಕ ತೂಗಿ ಮಾರುವ ಕಡೆ ಒಂದು ಚೀಲ ಸಿಕ್ಕಿತು, ಇಪ್ಪತ್ತರ ಹತ್ತಿರ ಇರಬೇಕು, ನಂಬರುಗಳು ಹಿಂದುಮುಂದು. ಬೀಸಾಕುವ ಬದಲು ಕೆಳಗಿನ ಸಾಲಿನಲ್ಲಿ ಜೋಡಿಸಿಟ್ಟೆ. ಏಳನೇ ಕ್ಲಾಸಿನ ಹುಡುಗರು 13 ತೆಗೆದುಕೊಂಡು ಹೋದರು, 6 ಕೇಳಿದರು, 22 ತಂದುಕೊಟ್ಟರು, ಯಾರೂ ಗೊಣಗಲಿಲ್ಲ. ಅದರಲ್ಲಿ ಕಥೆ ಹೇಳುವ ಹುಡುಗನೋ ಹುಡುಗಿಯೋ ಆರಂಭದಲ್ಲೇ ತಾನು ಯಾರು, ಊರು ಅಡ್ಡಹೆಸರು ಯಾಕೆ ಹೇಳುವಂತಿಲ್ಲ ಅಂತ ಪರಿಚಯ ಮಾಡಿಕೊಳ್ಳುವುದರಿಂದ ಎಲ್ಲಿಂದ ಹೊಕ್ಕರೂ ದಾರಿ ಸಿಗುತ್ತದೆ. ಕ್ರಮ ತಪ್ಪಿದರೆ ಓದು ಕೆಡುತ್ತದೆ ಅನ್ನುವ ಭಯ ನಮ್ಮಂಥ ದೊಡ್ಡವರದು ಅಂತ ಆಗ ಹೊಳೆಯಿತು.

ಈಗಿನ ಕ್ರಮ ಹೀಗೆ. ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟ್ ಎರಡೂ ಕಡೆ ಒಂದು ಸುತ್ತು. ಹಳೇ ಪುಸ್ತಕದ ಸಾಲಿನಲ್ಲಿ ಒಂದು ಸರಣಿಯ ಮೊದಲ ಭಾಗ ಎಷ್ಟಿವೆ, ಕೊನೇದು ಎಷ್ಟಿವೆ ಅಂತ ಮೊದಲು ನೋಡುತ್ತೇನೆ. ಮೊದಲನೆಯದು ಹತ್ತು, ಕೊನೆಯದು ಒಂದೂ ಇಲ್ಲ ಅಂದರೆ ಜನ ಅರ್ಧದಾರಿಯಲ್ಲೇ ಇಳಿದಿದ್ದಾರೆ ಅಂತ ನನ್ನ ಅಂದಾಜು. ಕೊನೆಯವನ್ನು ಓದಿ ಬಚ್ಚಿಟ್ಟುಕೊಂಡಿರಲೂಬಹುದು, ಅದಕ್ಕೇ ಇದೊಂದನ್ನೇ ನಂಬುವುದಿಲ್ಲ. ಮೂರೂ ಭಾಗ ಸಮಸಮ ಸಿಕ್ಕರೆ, ಒಂದೇ ಮನೆಯ ಮಗು ಪೂರ್ತಿ ಓದಿ ದೊಡ್ಡದಾಗಿ ಕಪಾಟು ಖಾಲಿ ಮಾಡಿದೆ ಅಂತ ಅರ್ಥ. ಅಂಥದರ ಎರಡನೇ ಭಾಗ ಒಂದನ್ನೇ ಎತ್ತುತ್ತೇನೆ. 120ರಿಂದ 200 ರೂಪಾಯಿ. ಸರಣಿ ಬರೆದು ಮುಗಿದಿರಬೇಕು, ಅದರಲ್ಲಿ ರಾಜಿ ಇಲ್ಲ. ಫುಟ್‌ಪಾತಿನ ಪೈರೇಟೆಡ್ ಕಾಪಿ ಬೇಡವೇ ಬೇಡ. ಒಂದರಲ್ಲಿ ಮೂವತ್ತೆರಡು ಪುಟ ಎರಡು ಸಲ ಇತ್ತು, ಅದರ ಮುಂದಿನ ಮೂವತ್ತೆರಡು ಇರಲೇ ಇಲ್ಲ.

ಮನೆಗೆ ತಂದು ಮೂರು ಮಕ್ಕಳಿಗೆ ಕೊಡುತ್ತೇನೆ: ಒಬ್ಬ ಹೊಟ್ಟೆಬಾಕ ಓದುಗ, ಒಬ್ಬ ಸೋಮಾರಿ, ಒಬ್ಬರು ಕನ್ನಡ ಮೀಡಿಯಮ್ಮಿನಿಂದ ಬಂದವರು. ಮೂವತ್ತು ಪುಟ, ನನ್ನ ರೂಮಿನಲ್ಲೇ ಕೂತು ಓದಬೇಕು. ಯಾವ ಪುಟದಿಂದ ತೆರೆದುಕೊಡಬೇಕು ಅನ್ನುವುದು ಸರಣಿಯಿಂದ ಸರಣಿಗೆ ಬೇರೆ, ಆ ಲೆಕ್ಕ ನನ್ನ ಹತ್ತಿರವೇ ಇರಲಿ. ಓದಿದ ಮೇಲೆ ಚೆನ್ನಾಗಿದೆಯಾ ಅಂತ ಕೇಳುವುದಿಲ್ಲ. ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ಬಂದವರಿಗೆ ನಮ್ಮನೆಯವಳು ಕೊಡುವ ಚಕ್ಕುಲಿ ಹಾಗೆ ಹೇಳಿಸುತ್ತದೆ. ಬೇರೆ ಒಂದು ಪ್ರಶ್ನೆ ಇದೆ, ಅದನ್ನೂ ಇಲ್ಲಿ ಬಿಚ್ಚುವುದಿಲ್ಲ. ಮೂವರಲ್ಲಿ ಇಬ್ಬರು "ಇದಕ್ಕೆ ಮುಂಚೆ ಏನಾಯ್ತು ಸರ್?" ಅಂತ ತಾವಾಗಿ ಕೇಳಿದರೆ ಸರಣಿ ಪಾಸು. ಮೊದಲ ಭಾಗ ಎಲ್ಲೆಂದರಲ್ಲಿ 80-100ಕ್ಕೆ ಸಿಗುತ್ತದೆ, ಕೊನೇದೊಂದಕ್ಕೆ ಮಾತ್ರ ಹೊಸದರ ದುಡ್ಡು ಕೊಡಬೇಕಾಗಬಹುದು. ಫೇಲಾದರೆ ಹೋಗುವುದು 150.

ಮೊದಲು ಪಾಸಾದದ್ದು 'ಟ್ರೈಪಾಡ್ಸ್'. 1967-68ರ ಮುದಿ ಸರಣಿ, ಮೂರೂ ತೆಳ್ಳಗಿನ ಪುಸ್ತಕ. ಮೂರು ಕಾಲಿನ ದೈತ್ಯ ಯಂತ್ರಗಳು ಭೂಮಿಯನ್ನು ಆಳುತ್ತಿವೆ, ಹದಿನಾಲ್ಕಕ್ಕೆ ಕಾಲಿಟ್ಟ ಮಕ್ಕಳ ತಲೆಗೆ ಲೋಹದ ಟೋಪಿ ಕೂರಿಸಿ ಮನಸ್ಸನ್ನು ಹಿಡಿತಕ್ಕೆ ತೆಗೆದುಕೊಳ್ಳುತ್ತವೆ. ಮೊದಲ ಭಾಗದಲ್ಲಿ ಮೂವರು ಹುಡುಗರು ತಪ್ಪಿಸಿಕೊಂಡು ಓಡುತ್ತಾರೆ, ಓಡುತ್ತಲೇ ಇರುತ್ತಾರೆ. ಎರಡನೆಯದರಲ್ಲಿ ಅವರಲ್ಲೊಬ್ಬ, ಜೊತೆಗೆ ಹೊಸ ಹುಡುಗನೊಬ್ಬ, ಕ್ರೀಡಾಕೂಟದಲ್ಲಿ ಗೆದ್ದು ಆ ಯಂತ್ರಗಳ ಒಡೆಯರ ನಗರದೊಳಕ್ಕೇ ಆಳುಗಳಾಗಿ ಹೋಗುತ್ತಾರೆ. ಒಳಗೆ ಹೆಜ್ಜೆ ಎತ್ತಲಾಗದಷ್ಟು ಭಾರದ ಗುರುತ್ವ, ಹಸಿರು ವಿಷಗಾಳಿ, ಮುಖವಾಡ ಇಲ್ಲದೆ ಉಸಿರಿಲ್ಲ. ನನ್ನ ಸೋಮಾರಿ ಹುಡುಗ ಸ್ಟೂಲಿನ ಮೇಲೆ ಒಂದು ಕಾಲು ಮಡಚಿ ಕೂತು ಮೂವತ್ತು ಪುಟ ದಾಟಿದ್ದನ್ನು ಗಮನಿಸಲೇ ಇಲ್ಲ. ಅವರಮ್ಮ ಸ್ಕೂಟರಿನ ಹಾರ್ನ್ ಒತ್ತುತ್ತಲೇ ಇದ್ದರು. ಕೊನೆಗೆ ಬೆರಳನ್ನು ಪುಟದ ನಡುವೆ ಸಿಕ್ಕಿಸಿಕೊಂಡೇ ಹೊರಗೆ ಹೋದ, ರಿಜಿಸ್ಟರಿನಲ್ಲಿ ಸಹಿಯನ್ನೂ ಹಾಕಲಿಲ್ಲ. ಇಂಗ್ಲಿಷ್ ಸರಳ, ಕನ್ನಡ ಮೀಡಿಯಂ ಮಕ್ಕಳಿಗೆ ಇಂದಿಗೂ ನಾನು ಮೊದಲು ಕೊಡುವುದು ಇದನ್ನೇ. ಸಿನಿಮಾ ಇಲ್ಲ, ಹೊಳೆಯುವ ಕವರ್ ಇಲ್ಲ, ಸೆಟ್ಟಿಗೆ ಬಿದ್ದ ಖರ್ಚು 400 ದಾಟಿಲ್ಲ.

ಆಮೇಲೆ ಪಾಸಾದದ್ದು 'ಮಾರ್ಟಲ್ ಇಂಜಿನ್ಸ್'. ನಗರಗಳೇ ಚಕ್ರದ ಮೇಲೆ ಉರುಳುತ್ತ ಒಂದನ್ನೊಂದು ನುಂಗುವ ಲೋಕ. ಇದರ ಎರಡನೇ ಭಾಗ ಮೊದಲನೆಯದು ಮುಗಿದ ಎರಡು ವರ್ಷದ ನಂತರ ಶುರುವಾಗುತ್ತದೆ, ಹಾಗಾಗಿ ಹೊಸಬರೂ ಮುಳುಗುವುದಿಲ್ಲ. ಸುಳ್ಳುಬುರುಕ ಲೇಖಕನೊಬ್ಬ ವಾಯುನೌಕೆ ಹತ್ತುತ್ತಾನಲ್ಲ, ಮಕ್ಕಳಿಗೆ ಅವನೇ ಹೀರೋ. ಮೊದಲ ಭಾಗದಲ್ಲಿ ಅವನಿಲ್ಲ ಅಂತ ಆಮೇಲೆ ನನ್ನ ಮೇಲೆ ಸಿಟ್ಟಾದರು.

'ಲೂನಾರ್ ಕ್ರಾನಿಕಲ್ಸ್'ನದು ಇನ್ನೂ ಸಲೀಸು. ಅದರ ಎರಡನೇ ಭಾಗದಲ್ಲಿ ಫ್ರಾನ್ಸಿನ ಹೊಸ ಹುಡುಗಿಯೊಬ್ಬಳ ಕಥೆ, ಕಾಣೆಯಾದ ಅಜ್ಜಿಯ ಹುಡುಕಾಟ ಶುರುವಾಗಿ, ಮೊದಲ ಭಾಗದ ಮೆಕ್ಯಾನಿಕ್ ಹುಡುಗಿಯ ಕಥೆ ಪಕ್ಕದಲ್ಲೇ ಸಾಗುತ್ತದೆ. ಹೆಣ್ಣುಮಕ್ಕಳು ಮುಗಿಬಿದ್ದರು. ನಾಲ್ಕನೆಯದು ಎಂಟುನೂರು ಪುಟ ದಾಟುತ್ತದೆ, ಅದಕ್ಕೆ ಎರಡು ವಾರದ ಬದಲು ನಾಲ್ಕು ವಾರ ಕೊಡಿ.

'ಸೈಥ್' ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇದೆ. ಸಾವನ್ನು ಗೆದ್ದ ಕಾಲ, ಜನಸಂಖ್ಯೆ ಮಿತಿಯಲ್ಲಿಡಲು ಕೊಲ್ಲುವುದನ್ನೇ ವೃತ್ತಿ ಮಾಡಿಕೊಂಡ ಒಂದು ಪಂಗಡ. ಮಕ್ಕಳ ಕೈಗೆ ಇಂಥದ್ದಾ ಅಂತ ಬಳಗದಲ್ಲಿ ಎಲ್ಲರೂ ಬೇಡ ಅಂದಿದ್ದರು. ಮೊದಲ ಭಾಗದ ಅಧ್ಯಾಯಗಳ ನಡುವೆ ಆ ಕೊಲ್ಲುವವರ ದಿನಚರಿ ಬರುತ್ತದೆ. 2018ರ ಎರಡನೇ ಭಾಗದಲ್ಲಿ ಆ ಜಾಗದಲ್ಲಿ ಜಗತ್ತನ್ನೆಲ್ಲ ನಡೆಸುವ ಥಂಡರ್‌ಹೆಡ್ ಎಂಬ ಕೃತಕ ಬುದ್ಧಿಯೇ ತನ್ನ ಮನಸ್ಸು ತೋಡಿಕೊಳ್ಳುತ್ತದೆ. ಚಾಟ್‌ಜಿಪಿಟಿ ಹತ್ತಿರ ಹೋಂವರ್ಕ್ ಮಾಡಿಸುವ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾತ್ರ ಬೇಕಾ? ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು "ಸರ್, ಇದಕ್ಕೆ ಬೇಜಾರೂ ಆಗುತ್ತಾ?" ಅಂದಳು. ಅವತ್ತೇ ಫೋನಿನಲ್ಲಿ ಮೊದಲನೆಯದನ್ನೂ ಮೂರನೆಯದನ್ನೂ ಆರ್ಡರ್ ಮಾಡಿದೆ, ಹೊಸವೇ, ಎರಡಕ್ಕೂ ಸೇರಿ 900 ಚಿಲ್ಲರೆ. ಈ ವರ್ಷ ನನ್ನ ರೂಮಿನಲ್ಲಿ ಕಾಯುವವರ ಪಟ್ಟಿ ಇದ್ದದ್ದು ಇದೊಂದಕ್ಕೇ. ಮೂರನೇ ಭಾಗದ ಸ್ಲಿಪ್ ತುಂಬಿ ಇನ್ನೊಂದು ಅಂಟಿಸಿದ್ದೇನೆ.

ಕೈಕೊಡುವ ಕಡೆಯೂ ಇದೆ. 'ಕೇಯಾಸ್ ವಾಕಿಂಗ್'ನ ಎರಡನೇ ಭಾಗ ಮೊದಲನೆಯದು ನಿಂತ ಕ್ಷಣದಿಂದಲೇ ಮುಂದುವರಿಯುತ್ತದೆ, ಉಸಿರು ಬಿಡಲೂ ಜಾಗವಿಲ್ಲ. ಮೂವರೂ ತಲೆ ಕೆರೆದುಕೊಂಡರು. ಪುಸ್ತಕದ ತಪ್ಪಲ್ಲ, ಅದು ಈ ಪರೀಕ್ಷೆಗೆ ಒಗ್ಗದ ಜಾತಿ. ಮೊದಲಿಂದ ಕೊಟ್ಟಾಗ ಹೊಟ್ಟೆಬಾಕ ಮೂರನ್ನೂ ಒಂದೇ ರಜೆಯಲ್ಲಿ ಮುಗಿಸಿದ. ಅದರ ನಾಯಕ ಬರೆಯಲು ಬಾರದವನು, ಸ್ಪೆಲ್ಲಿಂಗ್ ಬೇಕಂತಲೇ ತಪ್ಪು. ಅದನ್ನು ನೋಡಿ ಒಬ್ಬ ತಂದೆ, "ಮೊದಲೇ ಇವನ ಸ್ಪೆಲ್ಲಿಂಗ್ ಸರಿ ಇಲ್ಲ, ನೀವು ಇಂಥದ್ದು ಕೊಡ್ತೀರಲ್ಲ ಸಾರ್" ಅಂತ ಪುಸ್ತಕ ಹಿಡಿದುಕೊಂಡೇ ಬಂದಿದ್ದರು. 'ಸ್ಕೈವರ್ಡ್' ಇದಕ್ಕೆ ತಿರುವುಮುರುವು. ಮೊದಲ ಭಾಗ ಯುದ್ಧವಿಮಾನ ತರಬೇತಿಯ ಶಾಲೆ, ಎರಡನೆಯದು ಅನ್ಯಗ್ರಹಿಗಳ ನಿಲ್ದಾಣದಲ್ಲಿ ವೇಷ ಮರೆಸಿ ಬದುಕುವ ಕಥೆ. ಎರಡನೆಯದು ಮೆಚ್ಚಿದವರು ಮೊದಲನೆಯದಕ್ಕೆ ಬಂದು ಇದು ಬೇರೆ ಪುಸ್ತಕ ಅಂದರು. ಹಾಗಂತ ಬಿಡಲಿಲ್ಲ, ಓದಿದರು.

ಮುಂದಿನ ಕಥೆ ಮೊದಲೇ ಗೊತ್ತಾಗಿಬಿಡುತ್ತದಲ್ಲ ಅನ್ನುವುದು ಬಳಗದವರ ದೊಡ್ಡ ತಕರಾರು. ನಮ್ಮ ಮಲೆನಾಡಿನಲ್ಲಿ ಯಕ್ಷಗಾನಕ್ಕೆ ಹೋಗುವವರಿಗೆ ಪ್ರಸಂಗದ ಕೊನೆ ಗೊತ್ತಿಲ್ಲವೇ? ಬೆಳಗಿನವರೆಗೆ ಕೂರುತ್ತಾರೆ, ಕರ್ಣ ಹೇಗೆ ಸಾಯುತ್ತಾನೆ ಅಂತ ನೋಡಲಿಕ್ಕೆ. ಈ ಮಕ್ಕಳೂ 'ಅದು ಹೇಗಾಯಿತು' ಅಂತಲೇ ಮೊದಲ ಭಾಗಕ್ಕೆ ಹೋಗುತ್ತಾರೆ.

ನಡುವೆ ಮಾಡಿದ ಒಂದೆರಡು ಪ್ರಯೋಗ ಹೇಳಿಬಿಡುತ್ತೇನೆ. 'ಹಂಗರ್ ಗೇಮ್ಸ್'ನ 2020ರ ಪೂರ್ವಕಥೆಯಿಂದ ಒಬ್ಬನನ್ನು ಶುರು ಮಾಡಿಸಿದೆ. ಅದು ಮೂಲ ಕಥೆಗಿಂತ 64 ವರ್ಷ ಹಿಂದಿನದು, ಮುಂದೆ ಖಳನಾಗುವವನೇ ಅಲ್ಲಿ ಹದಿನೆಂಟರ ಹುಡುಗ. ಆಮೇಲೆ ಮೂಲ ಮೂರೂ ಓದಿದವನು ಖಳನ ವಕೀಲನಾಗಿ ನಿಂತ, ಶನಿವಾರ ಸಂಜೆ ಪೂರ್ತಿ ಜಗಳ. ಮೆಂಬರ್‌ಶಿಪ್ ಎರಡು ಹೆಚ್ಚಾಯಿತು, ಜಗಳ ನೋಡಲು ಬಂದವರದು. 'ಇಲ್ಯೂಮಿನೇ' ಆರುನೂರು ಪುಟದ ದಪ್ಪ ಪುಸ್ತಕ, ಆದರೆ ಚಾಟ್, ಇಮೇಲ್, ಕಡತಗಳ ರೂಪದಲ್ಲಿರುವುದರಿಂದ ದಪ್ಪ ಪುಸ್ತಕ ಮುಟ್ಟದವರೂ ಓಡಿಸಿಬಿಡುತ್ತಾರೆ. ಫೋನಿನಲ್ಲಿ ಓದಿಸಲು ಹೋಗಬೇಡಿ, ಅಕ್ಷರ ಅಡ್ಡಡ್ಡ ಉದ್ದುದ್ದ ಇರುವ ಪುಟಗಳು ಸಣ್ಣ ಪರದೆಗೆ ಹೊಂದುವುದಿಲ್ಲ. 'ಟ್ರೈಪಾಡ್ಸ್' ಅನ್ನು ನಾನೇ ಕನ್ನಡದಲ್ಲಿ ಬಾಯಲ್ಲಿ ಹೇಳಿ ಅರ್ಧಕ್ಕೆ ನಿಲ್ಲಿಸಿಯೂ ನೋಡಿದೆ, ಉಳಿದದ್ದು ಓದಿಕೊಳ್ಳಲಿ ಅಂತ. ಒಬ್ಬರೂ ಪುಸ್ತಕ ಮುಟ್ಟಲಿಲ್ಲ, ಮುಂದಿನ ಶನಿವಾರ ಹದಿನೈದು ಜನ ಬಂದು ಚಾಪೆ ಮೇಲೆ ಕೂತರು, ಉಳಿದದ್ದನ್ನೂ ನಾನೇ ಹೇಳಬೇಕಾಯಿತು. ಕನ್ನಡದಲ್ಲಿ ಈ ವಯಸ್ಸಿನವರಿಗೆ ಇಂಥ ಸರಣಿ ಸಾಲಾಗಿ ಸಿಗುವುದಿಲ್ಲ. ಪಿಯುಸಿಯ ಇಬ್ಬರಿಗೆ ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಾದಂಬರಿ ಕೊಟ್ಟಿದ್ದೆ, ಒಬ್ಬನಿಗೆ ಹಿಡಿಸಿತು.

ಈಗ ನನಗೆ ಬೇಕಾಗಿರುವುದು 'ಮಾರ್ಟಲ್ ಇಂಜಿನ್ಸ್'ನ ನಾಲ್ಕನೇ ಭಾಗದ ಇನ್ನೊಂದು ಪ್ರತಿ. ಇದ್ದದ್ದನ್ನು ಒಬ್ಬ ಮೈಸೂರಿಗೆ ಕಾಲೇಜಿಗೆ ಹೋಗುವಾಗ ಒಯ್ದವನು ಡಿಪಾಸಿಟ್ ಬಿಟ್ಟರೂ ಪುಸ್ತಕ ಬಿಡುತ್ತಿಲ್ಲ. ನನ್ನ ಹತ್ತಿರ 'ಡೈವರ್ಜೆಂಟ್' ಮೊದಲ ಭಾಗ ಎರಡು, 'ಹಂಗರ್ ಗೇಮ್ಸ್' ಮೊದಲ ಭಾಗ ಮೂರು, 'ಮೇಜ್ ರನ್ನರ್' ಒಂದು ಹೆಚ್ಚುವರಿ ಇವೆ. ಮೂರಕ್ಕೆ ಒಂದರಂತೆ ಅದಲುಬದಲಿಗೆ ತಯಾರು, ಪಾರ್ಸೆಲ್ ಖರ್ಚು ಅರ್ಧರ್ಧ.