ಚುನಾವಣಾ ಖರ್ಚಿನ ಲೆಕ್ಕ: ಒಂದು ರೂಪಾಯಿ ಕಟ್ಟಿ ನೀವೇ ನೋಡಿ

2024ರ ಜುಲೈ ತಿಂಗಳು ನಮ್ಮ ಬಳ್ಳಾರಿಯಲ್ಲಿ ಎಲ್ಲಿ ಮಿರ್ಚಿ-ಮಂಡಕ್ಕಿ ತಿನ್ನೋಕೆ ಕೂತರೂ ಒಂದೇ ಮಾತು. ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಹಣ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದು. ವಿಧಾನಸಭೆಯಲ್ಲಿ ವಿರೋಧ ಪಕ್ಷ 187 ಕೋಟಿ ಅಕ್ರಮವಾಗಿ ಹೋಗಿದೆ ಅಂದಿತು. ಅಲ್ಲ, 89.63 ಕೋಟಿ ಅಂತ ಮುಖ್ಯಮಂತ್ರಿ ಉತ್ತರ ಕೊಟ್ಟರು. ಅದರಲ್ಲಿ ಸುಮಾರು 20 ಕೋಟಿ ಬಳ್ಳಾರಿ ಲೋಕಸಭಾ ಚುನಾವಣೆಗೆ ಬಳಕೆಯಾಗಿದೆ ಅಂತ ಆಮೇಲೆ ಜಾರಿ ನಿರ್ದೇಶನಾಲಯ (ಇ.ಡಿ.) ಆರೋಪಿಸಿತು. ಕಾಂಗ್ರೆಸ್ ಅದನ್ನು ಅಲ್ಲಗಳೆದಿದೆ. ಆ ಆರೋಪ ನಿಜವೋ ಸುಳ್ಳೋ ಅಂತ ಹೇಳಬೇಕಾದದ್ದು ನ್ಯಾಯಾಲಯ, ನಾನಲ್ಲ.

ಆದರೆ ಆ ದಿನಗಳಲ್ಲಿ ಜೊತೆಗೆ ಕೂತವರನ್ನು ನಾನು ಒಂದು ಮಾತು ಕೇಳುತ್ತಿದ್ದೆ. ‘ಅಭ್ಯರ್ಥಿಗಳು ಕೊಟ್ಟ ಖರ್ಚಿನ ಲೆಕ್ಕ ಯಾರಾದ್ರೂ ನೋಡಿದ್ದೀರಾ?’ ಒಬ್ಬರೂ ನೋಡಿರಲಿಲ್ಲ. ಅದನ್ನು ನಾವು ನೋಡಬಹುದು ಅನ್ನುವುದೇ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ನೋಡಬಹುದು. ಚುನಾವಣಾ ನಡಾವಳಿ ನಿಯಮಗಳು, 1961ರ 88ನೇ ನಿಯಮದ ಪ್ರಕಾರ ಒಂದು ರೂಪಾಯಿ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಆ ಲೆಕ್ಕ ನೋಡಬಹುದು. ಮತದಾರರ ಚೀಟಿ ಬೇಡ, ಪಕ್ಷದ ಸದಸ್ಯತ್ವ ಬೇಡ, ಕಾರಣ ಹೇಳಬೇಕಾಗಿಯೂ ಇಲ್ಲ.

ಮೊದಲು ಯಾವ ಕಚೇರಿ ಅಂತ ತಿಳಿದುಕೊಳ್ಳಿ

ಲೆಕ್ಕ ಇರುವುದು ಜಿಲ್ಲಾ ಚುನಾವಣಾಧಿಕಾರಿ ಬಳಿ. ಅಂದರೆ ನಮ್ಮ ಜಿಲ್ಲಾಧಿಕಾರಿಯೇ. ಡಿಸಿ ಆಫೀಸಿನ ಚುನಾವಣಾ ಶಾಖೆಗೆ ಹೋಗಬೇಕು. ನಮ್ಮ ಕಡೆಯವರು ಎಡವುವುದು ಇಲ್ಲೇ. ಲೋಕಸಭಾ ಕ್ಷೇತ್ರ, ಜಿಲ್ಲೆ ಎರಡೂ ಒಂದೇ ಅಲ್ಲ. ಸಿರುಗುಪ್ಪ ಬಳ್ಳಾರಿ ಜಿಲ್ಲೆಯ ತಾಲ್ಲೂಕು, ಆದರೆ ಲೋಕಸಭೆಗೆ ಕೊಪ್ಪಳ ಕ್ಷೇತ್ರ. ಸಿಂಧನೂರು, ಮಸ್ಕಿ ರಾಯಚೂರು ಜಿಲ್ಲೆಯವು, ಅವೂ ಲೋಕಸಭೆಗೆ ಕೊಪ್ಪಳವೇ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಈಗ ವಿಜಯನಗರ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಬಳ್ಳಾರಿ. ಹಾಗಾಗಿ ಸಿರುಗುಪ್ಪದವರು ಶಾಸಕರ ಲೆಕ್ಕಕ್ಕೆ ಬಳ್ಳಾರಿಗೆ ಬರಬೇಕು, ಸಂಸದರ ಲೆಕ್ಕಕ್ಕೆ ಕೊಪ್ಪಳಕ್ಕೆ ಹೋಗಬೇಕು. ಇದು ಗೊತ್ತಿಲ್ಲದೆ ಹೋದರೆ ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋಗುತ್ತವೆ.

ಹೋಗುವ ಮೊದಲು ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟ್ ಒಮ್ಮೆ ನೋಡಿ. ಲೆಕ್ಕದ ಸಾರಾಂಶವನ್ನು ಸ್ಕ್ಯಾನ್ ಮಾಡಿ ಅಲ್ಲೂ ಹಾಕುತ್ತಾರೆ.

ಯಾವಾಗ ಹೋಗಬೇಕು?

ಫಲಿತಾಂಶ ಬಂದ 30 ದಿನದೊಳಗೆ ಪ್ರತಿ ಅಭ್ಯರ್ಥಿಯೂ ಲೆಕ್ಕ ಕೊಡಬೇಕು. ಗೆದ್ದವರು, ಸೋತವರು, ಪಕ್ಷೇತರರು, ಎಲ್ಲರೂ. ಕೊಡದಿದ್ದರೆ, ಅದಕ್ಕೆ ಸರಿಯಾದ ಕಾರಣವೂ ಇಲ್ಲದಿದ್ದರೆ, ಚುನಾವಣಾ ಆಯೋಗ 3 ವರ್ಷ ಅನರ್ಹಗೊಳಿಸಬಹುದು. ಲೆಕ್ಕ ಬಂದ 2 ದಿನದೊಳಗೆ ಅಧಿಕಾರಿ ನೋಟಿಸ್ ಬೋರ್ಡಿಗೆ ಒಂದು ಸೂಚನೆ ಅಂಟಿಸಬೇಕು. ಯಾರ ಲೆಕ್ಕ, ಯಾವ ದಿನ ಬಂತು, ಎಲ್ಲಿ, ಎಷ್ಟು ಗಂಟೆಗೆ ನೋಡಬಹುದು ಎಲ್ಲ ಅದರಲ್ಲಿರುತ್ತದೆ. ಮೊಬೈಲಿನಲ್ಲಿ ಅದರದ್ದೊಂದು ಫೋಟೊ ತೆಗೆದಿಟ್ಟುಕೊಳ್ಳಿ. ಒಳಗೆ ಯಾರಾದರೂ ‘ಅದೆಲ್ಲ ತೋರಿಸೋಕೆ ಬರಲ್ಲ’ ಅಂದರೆ ಅದೇ ನಿಮ್ಮ ಉತ್ತರ.

ನನಗೂ ಒಂದು ಕಚೇರಿಯಲ್ಲಿ ಹಾಗೇ ಆಯಿತು. ‘ನೀವು ಯಾವ ಪಾರ್ಟಿಯವರು?’ ಅಂತ ಕೇಳಿದರು. ಯಾವುದೂ ಅಲ್ಲ ಅಂದೆ. ‘ಮತ್ಯಾಕೆ ಬೇಕು?’ ಅಂದರು. 88ನೇ ನಿಯಮ ಬರೆದ ಅರ್ಜಿ, ಜೊತೆಗೆ ಒಂದು ರೂಪಾಯಿ ನಾಣ್ಯ ಮೇಜಿನ ಮೇಲಿಟ್ಟೆ. ಸ್ವಲ್ಪ ಹೊತ್ತು ಕಾಯಿಸಿದರು, ಆಮೇಲೆ ಫೈಲ್ ಕೊಟ್ಟರು. ಅರ್ಜಿ ಬರಹದಲ್ಲೇ ಕೊಡಿ, ಅದರ ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿಗೆ ಬಾಯಿಮಾತಿನ ಉತ್ತರವೇ ಸಿಗುತ್ತದೆ.

ಫೈಲ್ ತೆರೆದ ಮೇಲೆ

ಒಳಗೆ ಮೂರು ಬಣ್ಣದ ಹಾಳೆಗಳಿರುತ್ತವೆ. ಬಿಳಿ ಹಾಳೆಯಲ್ಲಿ ದಿನದಿನದ ಖರ್ಚು. ಗುಲಾಬಿ ಹಾಳೆಯಲ್ಲಿ ನಗದು. ಹಳದಿ ಹಾಳೆಯಲ್ಲಿ ಬ್ಯಾಂಕ್ ವ್ಯವಹಾರ. ನಾಮಪತ್ರ ಹಾಕುವ ಮೊದಲೇ ಅಭ್ಯರ್ಥಿ ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಹಳದಿ ಹಾಳೆಯಲ್ಲಿರುವುದು ಆ ಖಾತೆಯ ಲೆಕ್ಕ.

ನಾನು ಮೊದಲು ಬಿಚ್ಚುವುದು ಬಿಳಿ ಹಾಳೆ. ಅದರಲ್ಲೂ ನಾನೇ ಕಣ್ಣಾರೆ ನೋಡಿದ ಒಂದು ಸಭೆಯ ದಿನ. ಅವತ್ತು ಎಷ್ಟು ಕುರ್ಚಿ, ಎಷ್ಟು ಉದ್ದದ ಶಾಮಿಯಾನ, ಎಷ್ಟು ಮೈಕು, ಎಷ್ಟು ಊಟ ಬರೆದಿದ್ದಾರೆ ನೋಡುತ್ತೇನೆ. ಇದಕ್ಕೆಲ್ಲ ಜಿಲ್ಲಾ ಚುನಾವಣಾಧಿಕಾರಿ ಮೊದಲೇ ದರ ಪಟ್ಟಿ ಮಾಡಿರುತ್ತಾರೆ. ಅದನ್ನೂ ಕೇಳಿ ಪಡೆಯಿರಿ. ಲೆಕ್ಕ ಸುಲಭ. ಕುರ್ಚಿಗೆ 10 ರೂಪಾಯಿ ದರ ಅಂತ ಇಟ್ಟುಕೊಳ್ಳಿ. 5,000 ಕುರ್ಚಿ ಹಾಕಿದ್ದರೆ ಅಲ್ಲಿಗೇ 50,000 ರೂಪಾಯಿ. ಹಾಳೆಯಲ್ಲಿ 8,000 ಅಂತಿದ್ದರೆ 800 ಕುರ್ಚಿ ಬರೆದಿದ್ದಾರೆ ಅಂತ ಅರ್ಥ. ಆ ಸಭೆಗೆ ನೀವೇ ಹೋಗಿದ್ದರೆ ವ್ಯತ್ಯಾಸ ಹೇಳಲು ಬೇರೆ ಪರಿಣಿತರು ಬೇಕಿಲ್ಲ, ಅಲ್ವಾ?

ಇದೇ ಸಭೆಗಳನ್ನು ಅಧಿಕಾರಿಗಳ ತಂಡವೂ ವಿಡಿಯೊ ಮಾಡಿ ‘ಶಾಡೋ ರಿಜಿಸ್ಟರ್’ ಅಂತ ಬೇರೆ ಪುಸ್ತಕ ಬರೆದಿರುತ್ತದೆ. ಪ್ರಚಾರದ ಹೊತ್ತಿನಲ್ಲಿ ವೆಚ್ಚ ವೀಕ್ಷಕರು ಕನಿಷ್ಠ ಮೂರು ಸಲ ಅಭ್ಯರ್ಥಿಯ ಲೆಕ್ಕವನ್ನು ಈ ಪುಸ್ತಕದ ಜೊತೆ ತಾಳೆ ನೋಡುತ್ತಾರೆ.

ಒಬ್ಬ ಅಭ್ಯರ್ಥಿ ಮಾಡಬಹುದಾದ ಖರ್ಚಿನ ಮಿತಿ ಎಷ್ಟು? 2022ರ ಜನವರಿಯಿಂದ ಕರ್ನಾಟಕದಲ್ಲಿ ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ.

ಪಕ್ಷದ ಹಣ: ಇಲ್ಲೇ ಇರುವುದು ಇಡೀ ಜಗಳ

ಅಭ್ಯರ್ಥಿಗೆ ಮಿತಿ ಇದೆ. ಪಕ್ಷಕ್ಕೆ ಮಿತಿಯೇ ಇಲ್ಲ. ಇದು ಹೇಗಾಯಿತು ಅಂತ ತಿಳಿದರೆ ಸಂಸತ್ತಿನ ಗಲಾಟೆಗಳೂ ಅರ್ಥವಾಗುತ್ತವೆ.

1974ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ದೆಹಲಿಯ ಸದರ್ ಕ್ಷೇತ್ರದ ಪ್ರಕರಣ ಅದು. ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚೂ ಅಭ್ಯರ್ಥಿಯ ಲೆಕ್ಕಕ್ಕೇ ಸೇರಬೇಕು ಅಂತ ಕೋರ್ಟ್ ಹೇಳಿತು. ಅದೇ ತಿಂಗಳು ಸರ್ಕಾರ ಸುಗ್ರೀವಾಜ್ಞೆ ತಂದು, ಆಮೇಲೆ ಸಂಸತ್ತಿನಲ್ಲಿ ಕಾಯ್ದೆ ತಿದ್ದಿ, ಪಕ್ಷದ ಖರ್ಚನ್ನು ಲೆಕ್ಕದಿಂದ ಹೊರಗೆ ಹಾಕಿತು. 2003ರಲ್ಲಿ ಆ ವಿನಾಯಿತಿ ಕಿರಿದಾಯಿತು. ಈಗ ತಾರಾ ಪ್ರಚಾರಕರ ಓಡಾಟದ ಖರ್ಚು, ಪಕ್ಷದ ಸಾಮಾನ್ಯ ಪ್ರಚಾರದ ಖರ್ಚು ಅಭ್ಯರ್ಥಿಗೆ ಬರುವುದಿಲ್ಲ. ಆದರೆ ನೆನಪಿಡಿ: ದೊಡ್ಡ ನಾಯಕರ ಜೊತೆ ಅಭ್ಯರ್ಥಿ ವೇದಿಕೆ ಹತ್ತಿದರೆ, ಇಲ್ಲವೇ ಅಲ್ಲಿ ಅಭ್ಯರ್ಥಿಯ ಹೆಸರು, ಫೋಟೊ ಇದ್ದರೆ, ಸಭೆಯ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೂ ಬರುತ್ತದೆ. ಹೆಲಿಕಾಪ್ಟರ್ ಪಕ್ಷದ್ದು, ಕೆಳಗಿನ ಶಾಮಿಯಾನ ಅಭ್ಯರ್ಥಿಯದ್ದು ಅಂತ ಇಟ್ಟುಕೊಂಡರೆ ಮರೆಯುವುದಿಲ್ಲ.

ಇನ್ನೊಂದು ಜಗಳ 2017ರದ್ದು. ಹೆಸರು ಹೊರಗೆ ಬಾರದಂತೆ ಪಕ್ಷಕ್ಕೆ ದೇಣಿಗೆ ಕೊಡುವ ಚುನಾವಣಾ ಬಾಂಡ್‌ಗೆ ದಾರಿ ಮಾಡಿದ ತಿದ್ದುಪಡಿಗಳು ಹಣಕಾಸು ಮಸೂದೆಯ ಒಳಗೆ ಬಂದವು. ಕಂಪನಿಗಳು ಲಾಭದ ಶೇ 7.5ಕ್ಕಿಂತ ಜಾಸ್ತಿ ದೇಣಿಗೆ ಕೊಡಬಾರದು ಅನ್ನುವ ಮಿತಿಯೂ ಅದರಲ್ಲೇ ಹೋಯಿತು. ರಾಜ್ಯಸಭೆ 5 ತಿದ್ದುಪಡಿ ಸೂಚಿಸಿತು. ಹಣಕಾಸು ಮಸೂದೆಯಲ್ಲಿ ರಾಜ್ಯಸಭೆಯ ಮಾತು ಬರೀ ಶಿಫಾರಸು. ಲೋಕಸಭೆ ಮರುದಿನವೇ ಎಲ್ಲವನ್ನೂ ತಳ್ಳಿಹಾಕಿತು. 7 ವರ್ಷ ಆದಮೇಲೆ, 2024ರ ಫೆಬ್ರವರಿ 15ರಂದು, ಸುಪ್ರೀಂ ಕೋರ್ಟ್ ಬಾಂಡ್ ಯೋಜನೆಯನ್ನೇ ರದ್ದು ಮಾಡಿತು. ಯಾರು ಕೊಟ್ಟರು, ಯಾರಿಗೆ ಕೊಟ್ಟರು ಅಂತ ತಿಳಿಯುವುದು ಮತದಾರರ ಹಕ್ಕು ಅಂತ ಹೇಳಿತು. ಆ ಪಟ್ಟಿ ಈಗ ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿದೆ.

ಪಕ್ಷದ ಲೆಕ್ಕ ಸಿಗುವುದೂ ಆಯೋಗದ ವೆಬ್‌ಸೈಟ್‌ನಲ್ಲೇ. ವಿಧಾನಸಭಾ ಚುನಾವಣೆ ಮುಗಿದ 75 ದಿನ, ಲೋಕಸಭೆಯದ್ದಾದರೆ 90 ದಿನದೊಳಗೆ ಪಕ್ಷ ಖರ್ಚಿನ ವಿವರ ಕೊಡಬೇಕು. 20,000 ರೂಪಾಯಿಗಿಂತ ಹೆಚ್ಚು ಕೊಟ್ಟ ದಾನಿಗಳ ಪಟ್ಟಿ ಬೇಕಿದ್ದರೆ 24ಎ ನಮೂನೆ ಹುಡುಕಿ. ಪಕ್ಷಕ್ಕೆ ಆರ್‌ಟಿಐ ಹಾಕಿ ಕೂರಬೇಡಿ. ರಾಷ್ಟ್ರೀಯ ಪಕ್ಷಗಳು ಆರ್‌ಟಿಐ ವ್ಯಾಪ್ತಿಗೆ ಬರುತ್ತವೆ ಅಂತ 2013ರಲ್ಲೇ ಕೇಂದ್ರ ಮಾಹಿತಿ ಆಯೋಗ ಆದೇಶಿಸಿದೆ, ಆದರೆ ಪಕ್ಷಗಳು ಅದನ್ನು ಒಪ್ಪಿಕೊಂಡಿಲ್ಲ. ಸುಮ್ನೆ ಸಮಯ ಹೋಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಕೆಲಸ. ಪಕ್ಷದ ವಿವರದಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಇಡಿಗಂಟು ಕೊಟ್ಟೆವು ಅಂತ ಇರುತ್ತದೆ. ಅಭ್ಯರ್ಥಿಯ ಲೆಕ್ಕದಲ್ಲಿ ಪಕ್ಷದಿಂದ ಎಷ್ಟು ಬಂತು ಅಂತ ಇರುತ್ತದೆ. ಎರಡೂ ಹಾಳೆ ಪಕ್ಕಪಕ್ಕ ಇಡಿ. ಕೊಟ್ಟದ್ದು, ಬಂದದ್ದು ಒಂದೇ ಆಗಿರಬೇಕು. ಆಮೇಲೆ ಹಳದಿ ಹಾಳೆಯಲ್ಲಿ ಆ ಹಣ ಯಾವ ತಾರೀಖು ಖಾತೆಗೆ ಬಿತ್ತು ನೋಡಿ. ಹೆಚ್ಚುಕಮ್ಮಿ ಇದ್ದರೆ ಆ ಪುಟದ ದೃಢೀಕೃತ ಪ್ರತಿ ಕೇಳಿ. ಅದಕ್ಕೆ ಆಯೋಗ ನಿಗದಿ ಮಾಡಿದ ಶುಲ್ಕ ಬೇರೆ ಇದೆ.

ವ್ಯತ್ಯಾಸ ಸಿಕ್ಕರೆ

ಫಲಿತಾಂಶ ಬಂದು 45 ದಿನ ಆಗಿಲ್ಲದಿದ್ದರೆ ಆ ಕ್ಷೇತ್ರದ ಮತದಾರರು ಯಾರೇ ಆಗಲಿ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಅದು ವಕೀಲರ ಕೆಲಸ, ಖರ್ಚಿನ ಕೆಲಸ. ಎಲ್ಲರ ಕೈಲಿ ಆಗುವುದು ಚುನಾವಣಾ ಆಯೋಗಕ್ಕೆ ಪತ್ರ ಬರೆಯುವುದು. ಲೆಕ್ಕ ಕೊಟ್ಟ ಮಾತ್ರಕ್ಕೆ ಮುಗಿಯಲಿಲ್ಲ, ಅದು ಸತ್ಯವೋ ಅಲ್ಲವೋ ಅಂತ ಆಯೋಗ ವಿಚಾರಿಸಬಹುದು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಪತ್ರದಲ್ಲಿ ಸಿಟ್ಟು ಬೇಡ, ಬೈಗುಳ ಬೇಡ. ಹೀಗೆ ಬರೆದರೆ ಸಾಕು:

‘ಇಂಥ ದಿನ, ಇಂಥ ಊರಿನ ಸಭೆಗೆ ನಾನು ಹೋಗಿದ್ದೆ. ಫೋಟೊ ಲಗತ್ತಿಸಿದ್ದೇನೆ. ಅಭ್ಯರ್ಥಿಯ ಲೆಕ್ಕದ ಇಷ್ಟನೇ ಪುಟದಲ್ಲಿ 800 ಕುರ್ಚಿ ಎಂದಿದೆ. ಶಾಡೋ ರಿಜಿಸ್ಟರ್‌ನಲ್ಲಿ ಎಷ್ಟಿದೆ ಎಂದು ಪರಿಶೀಲಿಸಿ ನನಗೆ ತಿಳಿಸಬೇಕಾಗಿ ಕೋರುತ್ತೇನೆ.’