ಡೊಂಬಿವಲಿಯ ಪಾಳಣಾಘರದಲ್ಲಿ ಡಬ್ಬಿ-ಬಾಟಲಿ ಫಂಡ್‌ರೈಸರ್: ನನ್ನ ಅನುಭವ

ಮುಂಬೈ ಹತ್ರದ ನಮ್ಮ ಡೊಂಬಿವಲಿಯಲ್ಲಿ ಒಂದೇ ಪಾಳಣಾಘರದಿಂದ (ಕೆಲಸಕ್ಕೆ ಹೋಗೋರ ಮಕ್ಕಳನ್ನ ಹಗಲು ನೋಡ್ಕೊಳ್ಳೋ ಜಾಗ) ಡಬ್ಬಿ-ಬಾಟಲಿಗೆ 17 ಆರ್ಡರ್ ಬಂತು ಅಂತ ನಮ್ಮ ಸೆಲ್ಲರ್ಸ್ ಗ್ರೂಪಲ್ಲಿ ಹಾಕಿದ ದಿನ ಸೀನಿಯರ್ ಅಕ್ಕ ಒಬ್ರು ನಗೋ ಇಮೋಜಿ ಹಾಕಿದ್ರು. "ಎಲ್ಲ ನಿನ್ನ ಸಂಬಂಧಿಕರಾ?" ಅಂತ ಕೇಳಿದ್ರು. ಅಲ್ಲ ಅಕ್ಕ, ಒಬ್ಬರೂ ಅಲ್ಲ, ಎಲ್ಲ 8:14ರ ಲೋಕಲ್ ಟ್ರೇನ್ ಹಿಡಿದು ಓಡೋ ಅಮ್ಮಂದಿರು. ಅವತ್ತೇ ಅಂದ್ಕೊಂಡೆ ಇದನ್ನ ಪೂರ್ತಿ ಬರೀಬೇಕು ಅಂತ, ಬರೀತಾ ಬರೀತಾ ವರ್ಷ ಆಯ್ತು.

ಅಂಗಡಿ ಇಲ್ಲದೆ ಗಿರಾಕಿಗೆ ನೇರವಾಗಿ ಕಂಪೆನಿಯ ಡಬ್ಬಿ, ಬಾಟಲಿ ಮಾರೋದು (ಡೈರೆಕ್ಟ್ ಸೆಲ್ಲಿಂಗ್) ನಿಮಗೆಲ್ಲ ಗೊತ್ತಿರೋದೇ, ಫಂಡ್‌ರೈಸರ್ ಅಂದ್ರೆ ಶಾಲೆಯ ಪೇರೆಂಟ್ಸಿಗೆ ಮಾರಿ ನಮ್ಮ ಮಾರ್ಜಿನ್‌ನಲ್ಲಿ ಒಂದು ಪಾಲು ಆ ಶಾಲೆಗೇ ಕೊಡೋದು, ಮಾರ್ಜಿನ್ ಎಷ್ಟು, ಪಾಯಿಂಟ್ ಎಂತ ಅಂತ ಮತ್ತೆ ಹೇಳೋದಿಲ್ಲ. ನನಗೆ ಹೆಚ್ಚುಕಮ್ಮಿ 25 ಪರ್ಸೆಂಟ್ ಸಿಗ್ತದೆ ಅಂತ ಲೆಕ್ಕ ಇಟ್ಕೊಳ್ಳಿ. ಕಂಪೆನಿ ಹೆಸರು ಬೇಡ, ಯಾಕೆ ಅಂತ ಮುಂದೆ ಓದಿದ್ರೆ ಗೊತ್ತಾಗ್ತದೆ.

ಮೊದಲು ನಾನೂ ಎಲ್ಲರ ಹಾಗೇ ದೊಡ್ಡ ಶಾಲೆಗೆ ಹೋದದ್ದು. 2023ರ ಜೂನ್, ಮಾನ್ಪಾಡಾ ರೋಡ್ ಕಡೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆ, ಸಾವಿರದ ಮೇಲೆ ಮಕ್ಕಳು, ನಾನು ಮನಸ್ಸಲ್ಲೇ ಸಾವಿರ ಇಂಟು 80 ರೂಪಾಯಿ ಲಾಭ ಅಂತ ಲೆಕ್ಕ ಹಾಕಿ ಫ್ರಿಜ್ಜು ಬದಲಾಯಿಸಿ ಆಗಿತ್ತು. ವಾಚ್‌ಮನ್ ಮೂರು ಸಲ ವಾಪಸ್ ಕಳಿಸಿದ. ನಾಲ್ಕನೇ ಸಲ ಒಳಗೆ ಹೋದ್ರೆ ಕ್ಲರ್ಕ್, ಅರ್ಜಿ ಕೊಡಿ ಅಂದ್ರು. ಅರ್ಜಿ ಟ್ರಸ್ಟಿಗೆ ಹೋಯ್ತಂತೆ, ಟ್ರಸ್ಟಿ ಊರಲ್ಲಿಲ್ಲವಂತೆ, ಕೊನೆಗೆ ಪ್ರಿನ್ಸಿಪಾಲ್ ಮೇಡಂ ಎರಡು ನಿಮಿಷ ಸಿಕ್ಕಿ "ಬಘೂಯಾ" ಅಂದ್ರು. ಇಲ್ಲಿ ಹೊಸದಾಗಿ ಬಂದವರಿಗೆ ಒಂದು ಮಾತು, ಮರಾಠಿಯಲ್ಲಿ ಬಘೂಯಾ ಅಂದ್ರೆ ನೋಡೋಣ ಅಂತ ಅರ್ಥ, ಆದ್ರೆ ನೋಡೋದಿಲ್ಲ. ನಾನು ಅದನ್ನ ನಿಜ ಅಂತ ನಂಬಿ ಗಣಪತಿ ಹಬ್ಬದವರೆಗೆ ಕಾದೆ. ಕಾದದ್ದು ಮಾತ್ರ ಅಲ್ಲ ಮಾರಾಯ್ರೆ, ಆರ್ಡರ್ ಬರ್ತದೆ ಅಂತ ನಮ್ಮ ಯಜಮಾನರ ಬೋನಸ್‌ನಿಂದ 28 ಸಾವಿರದ ಸ್ಟಾಕ್ ತೆಗೆದಿಟ್ಟೆ. ಅದು ಮಾಳಿಗೆಯಲ್ಲಿ ಕೂತು ಕೂತು, ಅರ್ಧ ಮದುವೆ-ಮುಂಜಿ ಗಿಫ್ಟ್ ಆಗಿ ಹೋಯ್ತು. ಇವತ್ತಿಗೂ ಯಾರಾದ್ರೂ ಮದುವೆ ಕಾಗದ ತಂದ್ರೆ ಇವರು "ಮಾಳಿಗೆಯಿಂದ ಒಂದು ಇಳಿಸ್ಲಾ?" ಅಂತ ಕೇಳ್ತಾರೆ.

ಎರಡನೇದು ಒಂದು ಪ್ಲೇಸ್ಕೂಲ್. ಅಲ್ಲಿ ಒಪ್ಪಿಗೆ ಬೇಗ ಸಿಕ್ಕಿತು, ಅದೇ ತೊಂದರೆ. ಮಕ್ಕಳ ಬ್ಯಾಗಲ್ಲಿ ಆರ್ಡರ್ ಫಾರ್ಮ್ ಕಳಿಸಿದೆವು, ದುಡ್ಡು ಲಕೋಟೆಯಲ್ಲಿ ಹಾಕಿ ಟೀಚರ್ ಕೈಗೆ ಕೊಡಿ ಅಂತ ಬರೆದಿದ್ವಿ. ಎರಡು ದಿನದಲ್ಲಿ ಒಬ್ಬ ಅಪ್ಪ ಬಂದು, ಮೂರು ವರ್ಷದ ಮಗುವನ್ನ ಸೇಲ್ಸ್‌ಮನ್ ಮಾಡ್ತೀರಾ ಅಂತ ಗಲಾಟೆ ಮಾಡಿದ. ಸುಳ್ಳಾ? ಅಲ್ಲ. ದುಡ್ಡು ಎಣಿಸಿದ್ರೆ 1,150 ಕಮ್ಮಿ, ಟೀಚರ್ ಮೇಲೆ ಹೇಳೋ ಹಾಗಿಲ್ಲ, ಆಯಾ ಮೇಲೆ ಹೇಳೋದು ಪಾಪ, ಕೈಯಿಂದ ಹಾಕಿದೆ. ಕಂಪೆನಿ ನೀಲಿ ಮುಚ್ಚಳ ಕೇಳಿದವರಿಗೆ ಗುಲಾಬಿ ಕಳಿಸಿತು, ಇಬ್ಬರು ಗಂಡುಮಕ್ಕಳು ಕ್ಲಾಸಲ್ಲೇ ಹೋ ಅಂತ ಅತ್ತರು. ದೊಡ್ಡವರ ಕಂಪ್ಲೇಂಟ್ ತಡ್ಕೊಬಹುದು, ಮೂರು ವರ್ಷದವನಿಗೆ ಸ್ಟಾಕ್ ಇರಲಿಲ್ಲ ಪುಟ್ಟ ಅಂತ ಹೇಳೋದು ಹೇಗೆ? ಎಲ್ಲ ಮುಗಿದ ಮೇಲೆ ಓನರಮ್ಮ ಶಾಲೆ ಪಾಲನ್ನ ತಮ್ಮ ಕೈಗೇ ಕೊಡಿ, ಬೋರ್ಡ್ ಮೇಲೆ ಬರೀಬೇಡಿ ಅಂದ್ರು. ಕೊಟ್ಟೆ. ಫಂಡ್ ಎಲ್ಲಿ ಹೋಯ್ತು ಅಂತ ಪೇರೆಂಟ್ಸ್ ನನ್ನ ಮುಖ ನೋಡಿದ್ರು. ಆ ನೋಟ ಮರೆತಿಲ್ಲ.

ಆಮೇಲೆ 2024ರ ಆಗಸ್ಟ್‌ನಲ್ಲಿ ಬದ್ಲಾಪುರದ ಆ ಪ್ರಕರಣ, ಶಾಲೆಯಲ್ಲೇ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ. ನಮ್ಮದೇ ಲೈನು, ಆರು ಸ್ಟೇಷನ್ ಆಚೆ, ಅವತ್ತು ಜನ ಹಳಿ ಮೇಲೆ ಕೂತು ರೈಲು ನಿಂತದ್ದು ನೆನಪಿರಬಹುದು. ಅದಾದ ಮೇಲೆ ಹೊರಗಿನವರಿಗೆ ಶಾಲೆ ಗೇಟು ಬಂದ್, ಆಗಬೇಕಾದ್ದೇ. ಗ್ರೂಪಲ್ಲಿ ಎಲ್ಲರೂ ಹೇಳಿದ್ರು, ಶಾಲೆ ಕೆಲಸ ಇನ್ನು ಮುಗೀತು, ಕಿಟ್ಟಿ ಪಾರ್ಟಿ ಹಿಡಿ ಅಂತ.

ನಾನು ಯೋಚನೆ ಮಾಡಿದ್ದು ಉಲ್ಟಾ. ದೊಡ್ಡ ಗೇಟಲ್ಲಿ ನನ್ನ ಪರಿಚಯ ಯಾರಿಗೂ ಇಲ್ಲ, ಸರಿ, ಪರಿಚಯ ಇರೋ ಸಣ್ಣ ಬಾಗಿಲು ಯಾವುದು? ನಮ್ಮ ಬಿಲ್ಡಿಂಗ್ ಹಿಂದೆ ಒಂದು ಪಾಳಣಾಘರ ಉಂಟು. ಗ್ರೌಂಡ್ ಫ್ಲೋರಲ್ಲಿ ಎರಡು ರೂಮು, 22 ಮಕ್ಕಳು, ನಡೆಸೋ ಕಾಕುಗೆ (ಮರಾಠಿಯಲ್ಲಿ ಚಿಕ್ಕಮ್ಮ) ವಯಸ್ಸು ಅರವತ್ತರ ಮೇಲೆ. ನನ್ನ ಮಗಳೂ ಒಂದು ವರ್ಷ ಅಲ್ಲೇ ಮಲಗಿ ಎದ್ದವಳು. ಬೆಳಿಗ್ಗೆ ಹೋದ್ರೆ ಅಳು, ಸಂಜೆ ಹೋದ್ರೆ ಗಡಿಬಿಡಿ, ಮಧ್ಯಾಹ್ನ 2 ಗಂಟೆಗೆ ಹೋಗಬೇಕು, ಮಕ್ಕಳೆಲ್ಲ ಮಲಗಿರ್ತವೆ, ಕಾಕು ಬಾಗಿಲ ಹತ್ರ ಕೂತು ಮೆಂತೆ ಸೊಪ್ಪು ಬಿಡಿಸ್ತಾ ಇರ್ತಾರೆ. ನಾನೂ ಕೂತು ಸೊಪ್ಪು ಬಿಡಿಸಿದೆ. ಮೊದಲ ದಿನ ಕ್ಯಾಟಲಾಗ್ ತೆಗೀಲೇ ಇಲ್ಲ. ಎರಡನೇ ದಿನವೂ ಇಲ್ಲ. ಪಿಸುಮಾತಲ್ಲೇ ಮಾತಾಡಬೇಕು ಅಲ್ಲಿ, ಒಂದು ಮಗು ಎದ್ದರೆ ಸಾಲಾಗಿ ಎದ್ದು ಬಿಡ್ತವೆ. ಮೂರನೇ ದಿನ ಕಾಕುನೇ ಹೇಳಿದ್ರು, ಚಳಿಗಾಲದಲ್ಲಿ ಟೈಲ್ಸ್ ತಣ್ಣಗೆ ಕೊರೀತದೆ, ಹಾಸೋ ಸತರಂಜಿ ಹರಿದು ಹೋಗಿದೆ, ದೊಡ್ಡ ರೂಮಿಗೆ ಫೋಮ್ ಮ್ಯಾಟ್ ಬೇಕು ಅಂತ. ನಾನು ಕಾಯ್ತಾ ಇದ್ದದ್ದು ಇದೇ ಮಾತಿಗೆ.

"ಕಾಕು, 12 ಮನೆಯವರು ಡಬ್ಬಿ-ಬಾಟಲಿ ತಗೊಂಡ್ರೆ ಮ್ಯಾಟಿನ ಖರ್ಚು ನಂದು" ಅಂದೆ. ಫಂಡ್‌ರೈಸರ್ ಅನ್ನೋ ಶಬ್ದ ಬಾಯಿಗೆ ಬರಲಿಲ್ಲ, ಡೊನೇಷನ್ ಅಂತೂ ಸತ್ರೂ ಹೇಳಬಾರದು, ಆ ಶಬ್ದ ಕೇಳಿದ್ರೆ ಪೇರೆಂಟ್ಸಿಗೆ ಅಡ್ಮಿಷನ್ ನೆನಪಾಗ್ತದೆ. ಪರ್ಸೆಂಟೂ ಹೇಳಬೇಡಿ. 15 ಪರ್ಸೆಂಟ್ ನಿಮಗೆ ಅಂದ್ರೆ ಉಳಿದದ್ದು ಇವಳಿಗೆ ಎಷ್ಟು ಅಂತ ಲೆಕ್ಕ ಶುರು ಆಗ್ತದೆ. ಮ್ಯಾಟ್ ಅಂದ್ರೆ ಮ್ಯಾಟ್. ಈ 12 ಅನ್ನೋ ನಂಬರ್ ಹೇಗೆ ಬಂತು ಅಂದ್ರೆ ವಸ್ತುವಿನ ಬೆಲೆ, ಸಾಧಾರಣ ಒಂದು ಮನೆಯ ಬಿಲ್ಲು, ನನ್ನ ಮಾರ್ಜಿನ್, ಇದರ ಮೇಲೆ ನನ್ನದೊಂದು ಲೆಕ್ಕ ಉಂಟು, ಅದನ್ನ ಬರೆಯೋದಿಲ್ಲ, ಹಾಗೇ ನಾನು ಕಳಿಸೋ ವಾಟ್ಸಾಪ್ ಮೆಸೇಜಿನ ಮೊದಲ ಸಾಲನ್ನೂ ಬರೆಯೋದಿಲ್ಲ. ಎರಡು ವರ್ಷ ಪೆಟ್ಟು ತಿಂದು ಕಲಿತದ್ದು, ಇರ್ಲಿ.

ಸಂಜೆ ಆರೂವರೆಯಿಂದ ಏಳೂವರೆ ಒಳಗೆ ಅಮ್ಮಂದಿರು ಬರ್ತಾರೆ. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಸ್ಟೇಷನ್ ಹತ್ರ ತಗೊಂಡ ಕೊತ್ತಂಬರಿ ಕಟ್ಟು, ಒಂದು ಕಾಲಲ್ಲಿ ಚಪ್ಪಲಿ ಹಾಗೇ ಇಟ್ಕೊಂಡು ಬಾಗಿಲಲ್ಲೇ ಮಗುವನ್ನ ಎತ್ಕೊಳ್ತಾರೆ. ಅವರಿಗೆ ಡೆಮೋ ಕೊಡೋ ಯೋಚನೆಯೇ ಬೇಡ. ನಾನು ಚಪ್ಪಲಿ ಸ್ಟ್ಯಾಂಡ್ ಮೇಲೆ ಒಂದೇ ಒಂದು ಬಾಟಲಿ, ನೀರು ತುಂಬಿ, ತಲೆಕೆಳಗೆ ಮಾಡಿ ಇಟ್ಟೆ, ಕೆಳಗೆ ಒಂದು ಟಿಶ್ಯೂ ಪೇಪರ್. ಅಷ್ಟೇ. ಒಂದು ಮಾತೂ ಆಡ್ಲಿಲ್ಲ. ಮಕ್ಕಳ ಬಾಟಲಿ ಸೋರಿ ಪುಸ್ತಕ, ಬಟ್ಟೆ ಒದ್ದೆ ಆಗೋದು ಎಲ್ಲ ಅಮ್ಮಂದಿರ ಗೋಳು, ಅವರೇ ಬಗ್ಗಿ ಟಿಶ್ಯೂ ಮುಟ್ಟಿ ನೋಡ್ತಿದ್ರು, ಒಣ. ಪಕ್ಕದ ಗೋಡೆಯಲ್ಲಿ ಕಾಕು ಅಕ್ಷರದಲ್ಲೇ ಮರಾಠಿಯಲ್ಲಿ ಚೀಟಿ, ಮ್ಯಾಟಿಗಾಗಿ, ಇಷ್ಟು ಮನೆ ಆಯ್ತು, ಇಷ್ಟು ಬಾಕಿ ಅಂತ. ಆರ್ಡರ್ ನನ್ನ ವಾಟ್ಸಾಪಿಗೆ, ದುಡ್ಡು ನನ್ನ ಕ್ಯೂಆರ್‌ಗೆ, ಟೀಚರ್, ಆಯಾ ಯಾರ ಕೈಗೂ ಒಂದು ರೂಪಾಯಿ ಮುಟ್ಟಿಸೋದಿಲ್ಲ. ಮಕ್ಕಳ ಕೈಗೆ ಕಾಗದ ಕೊಡೋದೂ ಇಲ್ಲ.

ಆ ಬಾಟಲಿ ಟೆಸ್ಟ್ ಮಾಡಿದ್ದು ಒಂದು ಬೇರೆ ಕತೆ. ಐದು ನಮೂನೆ ಬಾಟಲಿ ತುಂಬಿ, ಬ್ಯಾಗಲ್ಲಿ ಅಡ್ಡಡ್ಡ ಹಾಕಿ, ಡೊಂಬಿವಲಿಯಿಂದ ಮಸ್ಜಿದ್ ಬಂದರ್ ತನಕ ಸ್ಲೋ ಲೋಕಲ್‌ನಲ್ಲಿ ಹೋದೆ. ಹೇಗೂ ಸ್ಟಿಕ್ಕರ್ ತರೋದಿತ್ತು. ಠಾಣೆ ದಾಟೋ ಮೊದಲೇ ಎರಡು ಬಾಟಲಿ ಪಕ್ಕದವಳ ಸೀರೆ ಮೇಲೆ, ಬೈಗುಳ ಮರಾಠಿ ಗುಜರಾತಿ ಎರಡರಲ್ಲೂ. ಸೋರದೆ ಉಳಿದದ್ದು ಒಂದೇ ಮಾಡೆಲ್, ಅದನ್ನ ಮಾತ್ರ ಇಡ್ತೇನೆ. ಕ್ಯಾಟಲಾಗಲ್ಲಿ ನಲವತ್ತು ಐಟಂ ಇದ್ದರೂ ನಾನು ತೋರಿಸೋದು ಮೂರು, ಬಣ್ಣ ಆಯ್ಕೆ ಇಲ್ಲ, ಎಲ್ಲ ಹಸಿರು. ಗುಲಾಬಿ-ನೀಲಿ ರಗಳೆ ಮುಗೀತು. ಪ್ರತಿ ಬಾಟಲಿ ಮೇಲೆ ಮಗುವಿನ ಹೆಸರಿನ ಸ್ಟಿಕ್ಕರ್ ಹಚ್ಚಿ ಕೊಡ್ತೇನೆ, ಒಂದಕ್ಕೆ ಎರಡೂವರೆ-ಮೂರು ರೂಪಾಯಿ ಬೀಳ್ತದೆ. ಹೆಸರು ನೋಡಿದ ಮೇಲೆ ವಾಪಸ್ ಅಂತ ಯಾರೂ ಬರೋದಿಲ್ಲ.

ಲೆಕ್ಕ: 17 ಮನೆ, ಸುಮಾರು 9,200 ಸೇಲು, ನನ್ನ ಮಾರ್ಜಿನ್ 2,300. ಮ್ಯಾಟ್ ಉಲ್ಲಾಸನಗರದಲ್ಲಿ ಚೌಕಾಸಿ ಮಾಡಿ 1,450. ಸ್ಟಿಕ್ಕರ್, ರಿಕ್ಷಾ ಹೋಗಿ ಕೈಯಲ್ಲಿ ಉಳಿದದ್ದು 650 ಅಥವಾ 700. "ಒಂಬತ್ತು ದಿನಕ್ಕೆ 650ಆ, ನಮ್ಮ ಹೋಟ್ಲಲ್ಲಿ ಕಪ್ ತೊಳೆಯೋ ಹುಡುಗನಿಗೆ ಜಾಸ್ತಿ ಕೊಡ್ತೇವೆ" ಅಂದ್ರು ಇವರು. ಆದ್ರೆ ಮ್ಯಾಟ್ ಹಾಸಿದ ದಿನ ಕಾಕು ಫೋಟೋ ತೆಗೆದು, ಅದರ ಮೇಲೆ ಮಕ್ಕಳು ಸಾಲಾಗಿ ಮಲಗಿದ್ದು, ಮುಖ ಕಾಣದ ಹಾಗೆ ಬರೀ ಕಾಲು, 44 ಪುಟ್ಟ ಪಾದ ಅಂತ ಇಟ್ಕೊಳ್ಳಿ, ತಮ್ಮ ಗೆಳತಿಯರಿಗೆ ಕಳಿಸಿದ್ರು. ಪಾಳಣಾಘರ ನಡೆಸೋರಿಗೆಲ್ಲ ಒಬ್ಬರಿಗೊಬ್ಬರು ಗೊತ್ತಿರ್ತದೆ. ಠಾಕುರ್ಲಿಯಿಂದ ಒಬ್ರು ಫೋನ್ ಮಾಡಿದ್ರು, ಆಮೇಲೆ ಕಲ್ಯಾಣದಿಂದ ಇಬ್ರು. ನಾನು ಗೇಟು ತಟ್ಟೋದು ನಿಂತಿತು, ಅವರೇ ಕರೆಯೋದು ಶುರು ಆಯ್ತು. ಹೋಗುವಾಗ ಈಗಲೂ ಐಡಿ ಕಾರ್ಡ್ ಕುತ್ತಿಗೆಗೆ ಹಾಕ್ಕೊಂಡು, ಮೊದಲೇ ಟೈಮ್ ಕೇಳಿಯೇ ಹೋಗೋದು. 2021ರ ಡೈರೆಕ್ಟ್ ಸೆಲ್ಲಿಂಗ್ ನಿಯಮದಲ್ಲಿ ಗಿರಾಕಿ ಮನೆಗೆ ಹೋಗೋದಕ್ಕೆ ಇದು ಹೇಗೂ ಬೇಕೇ ಬೇಕು, ನಾನು ಎಲ್ಲ ಕಡೆ ಅದನ್ನೇ ಪಾಲಿಸ್ತೇನೆ, ವಾಚ್‌ಮನ್ ಮುಂದೆ ಬಹಳ ಕೆಲಸಕ್ಕೆ ಬರ್ತದೆ.

ಒಂದು ಕನ್ನಡ ಮೀಡಿಯಂ ಶಾಲೆಯಲ್ಲೂ ಮಾಡಿದೆ. ಮುಂಬೈಲಿ ಕನ್ನಡ ಶಾಲೆ ಮಕ್ಕಳು ಅಂದ್ರೆ ಗೊತ್ತಲ್ಲ, ಅಪ್ಪ ಹೋಟ್ಲಲ್ಲಿ ಅಥವಾ ಬಿಲ್ಡಿಂಗ್ ಕೆಲಸದಲ್ಲಿ, ಹೆಚ್ಚಿನವರು ಕಲಬುರ್ಗಿ, ಯಾದಗಿರಿ ಕಡೆಯವರು. ಹೆಡ್ ಮೇಡಂ ಮೊದಲೇ ಹೇಳಿದ್ರು, "ನಗದು ನಾವು ಮುಟ್ಟೋದಿಲ್ಲಮ್ಮ, ಆಡಿಟ್ ಉಂಟು." ವಸ್ತು ಕೊಡ್ತೇನೆ ಅಂದದ್ದಕ್ಕೆ ಮುಖ ಸಡಿಲ ಆಯ್ತು. ಅನುದಾನಿತ ಶಾಲೆ ಆದ್ರೆ ಎಸ್‌ಎಂಸಿ (ಶಾಲಾ ನಿರ್ವಹಣಾ ಸಮಿತಿ) ಇರ್ತದೆ, 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಪ್ರಕಾರ ಅದರಲ್ಲಿ ಮುಕ್ಕಾಲು ಪಾಲು ಪೋಷಕರೇ, ಅವರ ಮೀಟಿಂಗಲ್ಲಿ ಒಪ್ಪಿಗೆ ಬರೆಸ್ಕೊಂಡ್ರೆ ಹೆಡ್ ಮೇಡಂಗೂ ಧೈರ್ಯ. ಅವರಿಗೆ ಬೇಕಾದ್ದು ನಲ್ಲಿ ಇರೋ ದೊಡ್ಡ ಸ್ಟೀಲ್ ಡ್ರಮ್ಮು. ನನ್ನ 320 ರೂಪಾಯಿ ಬಾಟಲಿ ಅಲ್ಲಿ ಓಡ್ಲಿಲ್ಲ, ಓಡೋದೂ ಇಲ್ಲ ಅಂತ ಮೊದಲೇ ಗೊತ್ತಾಗಬೇಕಿತ್ತು. 120ರ ಸಣ್ಣ ಡಬ್ಬಿ ಇಟ್ಟೆ. 14 ಸಾವಿರ ಚಿಲ್ಲರೆ ಸೇಲು, ಮಾರ್ಜಿನ್ 3,500, ಡ್ರಮ್ಮು 3,800. ಕೈಯಿಂದ 300 ಹೋಯ್ತು. ಒಬ್ಬ ಸೀನಿಯರ್ ಸಲಹೆ ಕೊಟ್ರು, ಡಬ್ಬಿಗೆ 20 ರೂಪಾಯಿ ಏರಿಸಬೇಕಿತ್ತು ಅಂತ. ಎಂಆರ್‌ಪಿ ಪ್ರಿಂಟ್ ಆಗಿದೆ ಅಕ್ಕ, ಅದರ ಮೇಲೆ ಮಾರೋ ಹಾಗೆಯೇ ಇಲ್ಲ, ಮತ್ತೆ ಆ ಮಕ್ಕಳಿಂದ?

ನಡುವೆ ಹಪ್ಪಳದ ಹುಚ್ಚೂ ಹಿಡಿದಿತ್ತು. ಊರಿಂದ ಅತ್ತಿಗೆ ಕಳಿಸಿದ ಹಲಸಿನ ಹಪ್ಪಳ 30 ಕಟ್ಟು, ಒಂದು ಗ್ಯಾದರಿಂಗ್ (ಶಾಲೆ ವಾರ್ಷಿಕೋತ್ಸವ) ದಿನ ಮುಕ್ಕಾಲು ಗಂಟೆಯಲ್ಲಿ ಖಾಲಿ. ಲಾಭ ಬಾಟಲಿಗಿಂತ ಜಾಸ್ತಿ! ಆಸೆಗೆ ಬಿದ್ದು 100 ಕಟ್ಟು ತರಿಸಿದೆ, ಜೂನ್ ಕೊನೆ, ಮುಂಬೈ ಮಳೆ, ಅರ್ಧಕ್ಕರ್ಧ ಬೂಸ್ಟು. ತಿಂಡಿ ಮಾರೋದಾದ್ರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ರಿಜಿಸ್ಟ್ರೇಷನ್ ಬೇಕು, ಫೀಸ್ ಹೆಚ್ಚಿಲ್ಲ, ಆದ್ರೂ ಚಿಕ್ಕ ಮಕ್ಕಳ ಜಾಗದಲ್ಲಿ ತಿಂಡಿ ಬೇಡ, ನನಗೆ ರಾತ್ರಿ ನಿದ್ದೆ ಬೇಕು. ರಾಖಿಯೂ ಮಾಡಿ ನೋಡಿದೆ, ಬರಕತ್ತಿಲ್ಲ.

ಟೈಮಿನ ವಿಷಯ ಒಂದು ಹೇಳ್ಲೇಬೇಕು. ಇಲ್ಲಿ ಶಾಲೆ ಜೂನ್ ಮಧ್ಯಕ್ಕೆ ಶುರು, ಎಲ್ಲರೂ ಜೂನ್‌ನಲ್ಲೇ ಮಾತಾಡಲಿಕ್ಕೆ ಹೋಗ್ತಾರೆ, ಆವಾಗ ಯಾರಿಗೂ ತಲೆ ಎತ್ತಲಿಕ್ಕೆ ಪುರುಸೊತ್ತಿಲ್ಲ. ನಾನು ಮಾರ್ಚ್ ಕೊನೆಗೆ ಮಾತು ಮುಗಿಸ್ತೇನೆ, ಏಪ್ರಿಲ್‌ನಲ್ಲಿ ಆರ್ಡರ್, ಶಾಲೆ ಶುರು ಆಗೋ ವಾರ ಡೆಲಿವರಿ. ಇನ್ನೊಂದು ಸುತ್ತು ದೀಪಾವಳಿ ರಜೆ ಮುಗಿದ ಮೇಲೆ, ಮೊದಲು ಅಲ್ಲ, ಮೊದಲು ಅವರ ದುಡ್ಡೆಲ್ಲ ಬಟ್ಟೆಗೆ, ಫರಾಳಕ್ಕೆ (ಹಬ್ಬದ ತಿಂಡಿ) ಹೋಗಿರ್ತದೆ.

ಒಟ್ಟು ಒಂದು ವರ್ಷದಲ್ಲಿ ಆ ಶಾಲೆ ಸೇರಿ ಏಳು ಜಾಗ, 1 ಲಕ್ಷ 10 ಸಾವಿರದ ಹತ್ರ ಸೇಲು. ಅವರಿಗೆ ಹೋದ ವಸ್ತು ಸುಮಾರು 14 ಸಾವಿರದ್ದು, ಓಡಾಟ, ಸ್ಟಿಕ್ಕರ್ ಎರಡೂವರೆ ಸಾವಿರ, ಮಾರ್ಜಿನ್‌ನಲ್ಲಿ ಇಷ್ಟು ಕಳೆದು ನನಗೆ 11 ಸಾವಿರ. ದೊಡ್ಡ ಮೊತ್ತ ಅಲ್ಲ, ಒಪ್ಪಿದೆ. ಮಾಳಿಗೆಯಲ್ಲಿ ಮಾತ್ರ ಒಂದು ಪೀಸ್ ಸ್ಟಾಕ್ ಇಲ್ಲ, ಮತ್ತೆ ಈ ಏಳು ಜಾಗದ ಅಮ್ಮಂದಿರಲ್ಲಿ ಸುಮಾರು ಜನ ಈಗ ಮನೆಗೆ ಬೇಕಾದ್ದನ್ನೂ ನನ್ನ ಹತ್ರವೇ ತಗೊಳ್ತಾರೆ, ಅದನ್ನ ಈ ಲೆಕ್ಕಕ್ಕೆ ಸೇರಿಸಿಲ್ಲ. ನಗೋ ಇಮೋಜಿ ಹಾಕಿದ ಅಕ್ಕ ಮೊನ್ನೆ ಫೋನ್ ಮಾಡಿ ನನ್ನ ಆ ವಾಟ್ಸಾಪ್ ಮೆಸೇಜ್ ಫಾರ್ವರ್ಡ್ ಮಾಡ್ತೀಯಾ ಅಂತ ಕೇಳಿದ್ರು. ಬಘೂಯಾ ಅಂದೆ.

ಕಾಕುಗೆ ಈ ಸಲ ಗೋಡೆ ಫ್ಯಾನ್ ಬೇಕಂತೆ, ಹಳೇದು ಕಟಕಟ ಅಂತ ಮಕ್ಕಳನ್ನ ಎಬ್ಬಿಸ್ತದೆ. 18 ಮನೆ ಅಂತ ಚೀಟಿ ಹಾಕಿದ್ದೇವೆ, ಇವತ್ತಿಗೆ 13 ಆಯ್ತು, ಫ್ಯಾನ್ ರೇಟ್ ಕೇಳ್ಲಿಕ್ಕೆ ನಾಳೆ ಕಲ್ಯಾಣಕ್ಕೆ ಹೋಗಬೇಕು.